ಇರುವೆ ಗೂಡಿನ ಬೀಜ
(ಕಲಿಕಾ ಕೇಂದ್ರದಲ್ಲಿ ಮಾಡಿದ ಭಾಷಣ)



ಹೋದ ಸೋಮವಾರ ನಮ್ಮ ಕೇಂದ್ರದಲ್ಲಿ ಏನಾಯಿತು, ನೆನಪಿದೆಯಾ? ನಿಮ್ಮಲ್ಲೊಬ್ಬ ಅಕ್ಕ ಸೆರಗಿನ ಮರೆಯಲ್ಲಿ ಒಂದು ಡಬ್ಬಿ ತಂದಿದ್ದರು. ಅವರ ಮಗಳು ಬೆಂಗಳೂರಿನಲ್ಲಿ ಒಂದು ಮನೆಯಲ್ಲಿ ಅಡುಗೆ ಕೆಲಸಕ್ಕೆ ಇದ್ದಾಳೆ. ಆ ಮನೆಯವರು ಕೊಟ್ಟ ಡಬ್ಬಿ. ಒಳಗೆ ದಾರ ಕಟ್ಟಿದ ಪುಟ್ಟ ಪುಟ್ಟ ಕಾಗದದ ಚೀಲ. "ಟೀ ಅಂತೆ ಟೀಚರ್, ಆದರೆ ಟೀ ಅಲ್ಲವಂತೆ. ಏನಿದು ನೋಡಿ" ಅಂದರು.

ನೀರು ಕಾಯಿಸಿದೆವು. ಚೀಲ ಮುಳುಗಿಸಿದೆವು. ನೀರು ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಎಲ್ಲರೂ ಒಂದೊಂದು ಗುಟುಕು ಕುಡಿದೆವು. ಒಬ್ಬರು "ಕಷಾಯದ ಹಾಗಿದೆ" ಅಂದರು. ಇನ್ನೊಬ್ಬರು "ಬೆಲ್ಲ ಹಾಕಿದ್ರೆ ಪರವಾಗಿಲ್ಲ" ಅಂದರು. ಹಿಂದಿನ ಸಾಲಿನ ಅಜ್ಜಿ ಮಾತ್ರ ಲೋಟ ಕೆಳಗಿಟ್ಟು ಒಂದು ಪ್ರಶ್ನೆ ಕೇಳಿದರು. "ಇದು ಯಾವ ಗಿಡದ ಸೊಪ್ಪು? ಇದನ್ನ ಮೊದಲು ಕಂಡುಹಿಡಿದೋರು ಯಾರು?"

ನಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಲೇ ಹೇಳಿದೆವು. ಒಂದು ವಾರ ಓದಿ ತಿಳಿದುಕೊಂಡೆವು. ಅಜ್ಜಿಯ ಪ್ರಶ್ನೆಗೆ ಇವತ್ತು ಉತ್ತರ ಹೇಳ್ತೀವಿ. ಉತ್ತರ ಸ್ವಲ್ಪ ಉದ್ದ ಇದೆ. ಕೇಳಿ.

ಡಬ್ಬಿಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ರೂಯಿಬೊಸ್ ಎಂದು ಬರೆದಿದೆ. ಇದು ದಕ್ಷಿಣ ಆಫ್ರಿಕಾ ದೇಶದ ಹೆಸರು. ಅಲ್ಲಿ ಆಫ್ರಿಕಾನ್ಸ್ ಅಂತ ಒಂದು ಭಾಷೆ ಇದೆ. ಆ ಭಾಷೆಯಲ್ಲಿ 'ರೂಯಿ' ಅಂದರೆ ಕೆಂಪು. 'ಬೊಸ್' ಅಂದರೆ ಪೊದೆ. ಕೆಂಪು ಪೊದೆ, ಅಷ್ಟೇ.

ದಕ್ಷಿಣ ಆಫ್ರಿಕಾ ಎಲ್ಲಿದೆ? ಗೋಡೆಯ ಮೇಲಿನ ಭೂಪಟ ನೋಡಿ. ಇದು ನಮ್ಮ ದೇಶ. ಸಮುದ್ರ ದಾಟಿ ಪಶ್ಚಿಮಕ್ಕೆ ಹೋದರೆ ಆಫ್ರಿಕಾ ಖಂಡ. ಅದರ ಕೆಳಗಿನ ತುದಿಯೇ ಆ ದೇಶ. ಗಾಂಧೀಜಿ 1893ರಲ್ಲಿ ಅಲ್ಲಿಗೆ ಹೋಗಿ, 1914ರ ತನಕ ಇದ್ದರು. ರೈಲಿನಿಂದ ಅವರನ್ನು ಕೆಳಗೆ ತಳ್ಳಿದ ಕತೆ ನೀವು ಓದಿದ್ದೀರಿ. ಅದೇ ದೇಶ.

ಆ ತುದಿಯಲ್ಲಿ ಕೇಪ್‌ಟೌನ್ ಅಂತ ದೊಡ್ಡ ಊರು. ಅಲ್ಲಿಂದ ಉತ್ತರಕ್ಕೆ 200 ಕಿಲೋಮೀಟರಿಗೂ ಹೆಚ್ಚು ದೂರ ಹೋದರೆ ಸೀಡರ್‌ಬರ್ಗ್ ಎಂಬ ಬೆಟ್ಟಸಾಲು ಬರುತ್ತದೆ. ಕಲ್ಲುಬಂಡೆ, ಮರಳು ಮಣ್ಣು. ಮಣ್ಣಿನಲ್ಲಿ ಸತ್ವ ಕಡಿಮೆ. ಮಳೆ ನಮ್ಮ ಬಯಲುಸೀಮೆಗಿಂತಲೂ ಕಡಿಮೆ. ಅದೂ ಅಲ್ಲಿನ ಚಳಿಗಾಲದಲ್ಲಿ, ಜೂನ್‌ನಿಂದ ಆಗಸ್ಟ್‌ವರೆಗೆ ಬೀಳುತ್ತದೆ. ನಾವು ಇಲ್ಲಿ ಡಿಸೆಂಬರ್ ಚಳಿಗೆ ಕಂಬಳಿ ಹೊದ್ದುಕೊಂಡಾಗ ಅಲ್ಲಿ ಬಿರುಬೇಸಿಗೆ. ಭೂಮಿಯ ಆ ಅರ್ಧದಲ್ಲಿ ಕಾಲ ಉಲ್ಟಾ.

ಇಂಥ ಜಾಗದಲ್ಲಿ ದೊಡ್ಡ ಮರ ಬೆಳೆಯೋದು ಅಪರೂಪ. ಸೊಂಟದ ಎತ್ತರ, ಎದೆ ಎತ್ತರದ ಪೊದೆಗಳೇ ಜಾಸ್ತಿ. ಈ ಕುರುಚಲು ಕಾಡಿಗೆ ಫೈನ್‌ಬೊಸ್ ಎಂದು ಹೆಸರು. ಸಣ್ಣ ಎಲೆಯ ಪೊದೆ ಅಂತ ಅರ್ಥ. ಕುರುಚಲು ಅಂತ ಮೂಗು ಮುರಿಯಬೇಡಿ. ಆ ತುದಿಯ ನೆಲದಲ್ಲಿ ಸುಮಾರು 9,000 ಬಗೆಯ ಹೂಬಿಡುವ ಗಿಡಗಳಿವೆ. ಅದರಲ್ಲಿ ಮೂರರಲ್ಲಿ ಎರಡು ಪಾಲು ಪ್ರಪಂಚದ ಬೇರೆ ಯಾವ ಜಾಗದಲ್ಲೂ ತಾನಾಗಿ ಬೆಳೆಯುವುದಿಲ್ಲ. ಪ್ರೋಟಿಯಾ ಅನ್ನುವ ತಟ್ಟೆಯಷ್ಟು ಅಗಲದ ಹೂವು ಅಲ್ಲಿಯದೇ. ಆ ದೇಶದ ಕ್ರಿಕೆಟ್ ತಂಡಕ್ಕೂ ಅದೇ ಹೆಸರು. ಮನೆಯಲ್ಲಿ ಹುಡುಗರನ್ನು ಕೇಳಿ, ಹೇಳ್ತಾರೆ.

ನಮ್ಮ ಕೆಂಪು ಪೊದೆ ಈ ಕುರುಚಲಿನಲ್ಲಿ ಒಂದು. ಹೆಸರು ಕೆಂಪು, ಆದರೆ ಗಿಡ ಹಸಿರು. ಎಲೆ ಸೂಜಿಯ ಹಾಗೆ ಸಣ್ಣಗೆ, ಉದ್ದಕ್ಕೆ. ಸರ್ವೆ ಮರ ನೋಡಿದ್ದೀರಲ್ಲ, ಹೆಚ್ಚುಕಡಿಮೆ ಹಾಗೆ ಕಾಣುತ್ತದೆ. ಅಕ್ಟೋಬರ್ ಹೊತ್ತಿಗೆ ಹಳದಿ ಹೂ ಬಿಡುತ್ತದೆ. ನಿಮ್ಮ ಹೊಲದ ತೊಗರಿ ಹೂವನ್ನು ನೆನೆಸಿಕೊಳ್ಳಿ. ಅದನ್ನೇ ಚಿಕ್ಕದು ಮಾಡಿ. ಅದೇ ಈ ಹೂವು. ಯಾಕೆಂದರೆ ಎರಡೂ ಒಂದೇ ಕುಲ. ತೊಗರಿ, ಹುರುಳಿ, ಅಲಸಂದೆ, ಹೊಂಗೆ, ಈ ಪೊದೆ, ಎಲ್ಲಾ ಕಾಯಿಪಲ್ಯದ ಅಲ್ಲ, ಬೇಳೆಕಾಳಿನ ನೆಂಟರು. ಅಲಸಂದೆ ಗಿಡ ಕಿತ್ತರೆ ಬೇರಿನಲ್ಲಿ ಸಣ್ಣ ಸಣ್ಣ ಗಂಟು ಕಾಣುತ್ತದಲ್ಲ? ಅದರಲ್ಲಿರುವ ಜೀವಾಣುಗಳು ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಗೊಬ್ಬರ ಮಾಡಿ ಕೊಡುತ್ತವೆ. ಈ ಪೊದೆಗೂ ಆ ಗಂಟು ಇದೆ. ಬರಡು ಮರಳಿನಲ್ಲೂ ಅದು ಬದುಕೋದು ಹೀಗೆ. ತಾಯಿಬೇರು ಎರಡು ಮೀಟರ್‌ವರೆಗೂ ಕೆಳಕ್ಕೆ ಇಳಿಯುತ್ತದೆ. ಅಂದರೆ ಒಬ್ಬ ಆಳಿಗಿಂತಲೂ ಉದ್ದ.

ಈಗ ಬೆಂಕಿಯ ವಿಷಯ.

ಆ ಕುರುಚಲು ಕಾಡು ಆಗಾಗ ಸುಡುತ್ತದೆ. ಬೇಸಿಗೆಯಲ್ಲಿ ಪೊದೆಗಳು ಒಣಗಿರುತ್ತವೆ, ಗಾಳಿ ಜೋರಾಗಿರುತ್ತದೆ. ಸಿಡಿಲು ಬಡಿದರೆ ಅಥವಾ ಯಾರಾದರೂ ಕಡ್ಡಿ ಗೀರಿ ಎಸೆದರೆ ಸಾಕು. ಒಂದೇ ಜಾಗ ಹತ್ತು ಹದಿನೈದು ಇಪ್ಪತ್ತು ವರ್ಷಕ್ಕೊಮ್ಮೆ ಸುಟ್ಟು ಕಪ್ಪಾಗುತ್ತದೆ. ಇದು ನಿನ್ನೆ ಮೊನ್ನೆಯದಲ್ಲ. ಸಾವಿರಾರು ವರ್ಷದಿಂದ, ಇನ್ನೂ ಹಿಂದಿನಿಂದ ನಡೆದು ಬಂದಿದೆ. ಅಲ್ಲಿನ ಗಿಡಗಳು ಬೆಂಕಿಯ ಜೊತೆಯಲ್ಲೇ ಬಾಳೋದನ್ನು ಕಲಿತಿವೆ.

ಕೆಂಪು ಪೊದೆಯಲ್ಲಿ ಎರಡು ಬಗೆ. ಕಾಡಿನಲ್ಲಿ ಬೆಳೆಯುವ ಒಂದು ಬಗೆಗೆ ಮಣ್ಣಿನ ಒಳಗೆ ದಪ್ಪ ಬೊಡ್ಡೆ ಇರುತ್ತದೆ. ಮೇಲಿನದೆಲ್ಲ ಸುಟ್ಟು ಹೋದರೂ ಬೊಡ್ಡೆ ಸಾಯುವುದಿಲ್ಲ. ಬೆಂಕಿ ಆರಿದ ಮೇಲೆ ಅದರಿಂದಲೇ ಹೊಸ ಚಿಗುರು ಹೊಡೆಯುತ್ತದೆ. ಇನ್ನೊಂದು ಬಗೆಗೆ ಈ ಬೊಡ್ಡೆ ಇಲ್ಲ. ಬೆಂಕಿ ಬಿದ್ದರೆ ಗಿಡ ಸತ್ತೇ ಹೋಗುತ್ತದೆ. ಆದರೆ ಅದು ಮೊದಲೇ ತನ್ನ ಬೀಜವನ್ನು ಮಣ್ಣಿನಲ್ಲಿ ಇಟ್ಟಿರುತ್ತದೆ.

ಇಟ್ಟಿರುತ್ತದೆ ಅಂದೆವಲ್ಲ, ಇಡೋದು ಯಾರು? ಇರುವೆ!

ಪೊದೆಯ ಕಾಯಿ ಬಲಿತರೆ ಪಟ್ ಅಂತ ಸಿಡಿಯುತ್ತದೆ. ಒಂದು ಕಾಯಿಗೆ ಸಾಮಾನ್ಯವಾಗಿ ಒಂದೇ ಬೀಜ. ಸಾಸಿವೆಗಿಂತ ಸ್ವಲ್ಪ ದೊಡ್ಡದು ಅಂದುಕೊಳ್ಳಿ. ಅದು ಮರಳಿನಲ್ಲಿ ಬಿದ್ದರೆ ಕಣ್ಣಿಗೆ ಸಿಗುವುದಿಲ್ಲ. ಆದರೆ ಇರುವೆಗೆ ಸಿಗುತ್ತದೆ. ಫೈನ್‌ಬೊಸ್ ಕಾಡಿನ ಎಷ್ಟೋ ಗಿಡಗಳ ಬೀಜದ ತುದಿಯಲ್ಲಿ ಎಣ್ಣೆ ಜಿಡ್ಡಿನ ಒಂದು ಚೂರು ಅಂಟಿಕೊಂಡಿರುತ್ತದೆ. ಇರುವೆಗೆ ಅದು ಹಬ್ಬದೂಟ. ಬೀಜ ಎಳೆದುಕೊಂಡು ಗೂಡಿಗೆ ಹೋಗುತ್ತದೆ. ಜಿಡ್ಡು ತಿನ್ನುತ್ತದೆ, ಗಟ್ಟಿ ಬೀಜವನ್ನು ಹಾಗೇ ಬಿಡುತ್ತದೆ. ನೆಲದ ಒಳಗೆ ಇಲಿಯ ಕಾಟ ಕಡಿಮೆ. ಬೆಂಕಿಯ ಝಳವೂ ಸುಡುವಷ್ಟು ತಟ್ಟುವುದಿಲ್ಲ. ಆದರೆ ಬೆಚ್ಚಗೆ ತಟ್ಟುತ್ತದೆ. ಆ ಬಿಸಿಗೆ ಬೀಜದ ಗಟ್ಟಿ ಸಿಪ್ಪೆ ಬಿರುಕು ಬಿಡುತ್ತದೆ. ಮುಂದಿನ ಮಳೆಗೆ ನೀರು ಒಳಗೆ ಇಳಿಯುತ್ತದೆ. ಮೊಳಕೆ ಬರುತ್ತದೆ. ಮೇಲೆ ನೋಡಿದರೆ ನೆರಳು ಮಾಡುವ ಹಳೇ ಪೊದೆಗಳಿಲ್ಲ. ಬಿಸಿಲು ಧಾರಾಳ, ಬೂದಿಯ ಗೊಬ್ಬರವೂ ಇದೆ.

ಆದರೆ ಇದಕ್ಕೂ ಒಂದು ಲೆಕ್ಕ ಇದೆ. ಬೆಂಕಿ ಬಿದ್ದ ಎರಡೇ ವರ್ಷಕ್ಕೆ ಮತ್ತೆ ಬೆಂಕಿ ಬಿದ್ದರೆ? ಆಗ ಎಳೇ ಗಿಡ ಸಾಕಷ್ಟು ಬೀಜ ಕಟ್ಟಿರುವುದಿಲ್ಲ. ಸುಟ್ಟರೆ ಹೋದ ಹಾಗೇ. ಆದ್ದರಿಂದ ಅಲ್ಲಿಯೂ ಜನ ಬೆಂಕಿ ಬಗ್ಗೆ ಬಹಳ ಹುಷಾರು. ಅಂದ ಹಾಗೆ, ಇದನ್ನು ಕೇಳಿಕೊಂಡು ನಾಳೆ ಯಾರೂ ನಮ್ಮ ಗುಡ್ಡಕ್ಕೆ ಬೆಂಕಿ ಹಾಕೋಕೆ ಹೋಗಬೇಡಿ! ನಮ್ಮ ಗುಡ್ಡ ಬೇರೆ, ಅಲ್ಲಿಯ ಗಿಡ ಬೇರೆ.

ಈಗ ಅಜ್ಜಿಯ ಎರಡನೇ ಪ್ರಶ್ನೆ. ಮೊದಲು ಕಂಡುಹಿಡಿದವರು ಯಾರು?

ಆ ಬೆಟ್ಟಗಳಲ್ಲಿ ಬಹಳ ಹಿಂದಿನಿಂದ ಇದ್ದವರು ಸಾನ್ ಮತ್ತು ಖೊಯ್ ಎಂಬ ಜನ. ಸಾನ್ ಜನ ಬೇಟೆಯಾಡಿ, ಗೆಡ್ಡೆಗೆಣಸು ಅಗೆದು ಬದುಕಿದವರು. ಖೊಯ್ ಜನ ದನ, ಕುರಿ ಮೇಯಿಸಿದವರು. ಯಾವ ಸೊಪ್ಪು ತಿನ್ನಬೇಕು, ಯಾವುದನ್ನು ಕುದಿಸಬೇಕು, ಯಾವುದು ವಿಷ, ಎಲ್ಲಾ ಅವರಿಗೆ ಗೊತ್ತಿತ್ತು. ನಂತರ ಯುರೋಪಿನ ಬಿಳಿಯರು ಹಡಗಿನಲ್ಲಿ ಬಂದು ನೆಲ ಹಿಡಿದರು. ಖೊಯ್, ಸಾನ್ ಜನ ತಮ್ಮದೇ ನೆಲದಲ್ಲಿ ಕೂಲಿಯಾಳಾದರು.

ಅವರು ಈ ಸೊಪ್ಪಿನ ಪಾನೀಯ ಮಾಡುತ್ತಿದ್ದ ರೀತಿ ಕೇಳಿ, ನಿಮಗೆ ಕೂಡಲೇ ಅರ್ಥವಾಗುತ್ತದೆ. ಬೇಸಿಗೆಯಲ್ಲಿ ಕುಡುಗೋಲಿನಿಂದ ರೆಂಬೆ ಕೊಯ್ದು ಕಂತೆ ಕಟ್ಟುತ್ತಾರೆ. ಸಣ್ಣಗೆ ಕೊಚ್ಚುತ್ತಾರೆ. ಕೊಡತಿಯಿಂದ ಜಜ್ಜುತ್ತಾರೆ. ನೀರು ಚಿಮುಕಿಸಿ ರಾಶಿ ಹಾಕಿ ರಾತ್ರಿಯೆಲ್ಲ ಬಿಡುತ್ತಾರೆ. ರಾಶಿಯ ಒಳಗೆ ಬಿಸಿಯೇರುತ್ತದೆ. ಹಸಿರು ಸೊಪ್ಪು ಕೆಂಪಗಾಗುತ್ತದೆ, ಘಮ ಬರುತ್ತದೆ. ಕತ್ತರಿಸಿಟ್ಟ ಬದನೆಕಾಯಿ ಗಾಳಿ ತಾಗಿ ಕಪ್ಪಾಗುತ್ತದಲ್ಲ, ಅದೇ ಥರದ ಕ್ರಿಯೆ. ಬೆಳಗ್ಗೆ ಎದ್ದು ಬಿಸಿಲಿಗೆ ತೆಳ್ಳಗೆ ಹರಡಿ ಒಣಗಿಸುತ್ತಾರೆ. ಈಗ ಕೊಚ್ಚೋಕೆ, ಜಜ್ಜೋಕೆ ಯಂತ್ರ ಬಂದಿದೆ. ಉಳಿದ ಕ್ರಮ ಇವತ್ತಿಗೂ ಅದೇ.

ಕಾಫಿ, ಟೀಯಲ್ಲಿ ನಿದ್ದೆಗೆಡಿಸುವ ಕೆಫೀನ್ ಎಂಬ ವಸ್ತು ಇರುತ್ತದೆ. ಇದರಲ್ಲಿ ಅದಿಲ್ಲ. ಅದಕ್ಕೇ ಪಟ್ಟಣದ ಜನ ದುಡ್ಡು ಕೊಟ್ಟು ತರಿಸುತ್ತಾರೆ. ಆ ರೋಗ ವಾಸಿಯಾಗುತ್ತೆ, ಈ ರೋಗ ವಾಸಿಯಾಗುತ್ತೆ ಅಂತ ಡಬ್ಬಿ ಮಾರುವವರು ಹೇಳಿದರೆ ಮಾತ್ರ ನಂಬಬೇಡಿ. ಡಾಕ್ಟರ ಹತ್ತಿರ ಹೋಗೋದೇ ಸರಿ.

1904ರಲ್ಲಿ ಬೆಂಜಮಿನ್ ಗಿನ್ಸ್‌ಬರ್ಗ್ ಎಂಬ ವ್ಯಾಪಾರಿ ಆ ಕಡೆಗೆ ಬಂದರು. ರಷ್ಯಾ ದೇಶದಿಂದ ವಲಸೆ ಬಂದವರು. ಬೆಟ್ಟದ ಜನರಿಂದ ಈ ಸೊಪ್ಪು ಕೊಂಡು ಊರೂರಿಗೆ ಮಾರಲು ಶುರು ಮಾಡಿದರು. ಸೊಪ್ಪಿಗೆ ಗಿರಾಕಿ ಹೆಚ್ಚಾದರು. ಕಾಡಿನಿಂದ ಕೊಯ್ದು ತಂದರೆ ಎಷ್ಟು ಸಿಕ್ಕೀತು? ಹೊಲದಲ್ಲಿ ಬೆಳೆಯೋಣ ಅಂದುಕೊಂಡರು. ಬೀಜ ಬಿತ್ತಿದರು. ಮೊಳಕೆ ಬರಲಿಲ್ಲ. ಯಾಕೆ ಅಂತ ನಿಮಗೆ ಈಗ ಗೊತ್ತು. ಸಿಪ್ಪೆ ಗಟ್ಟಿ!

ಕ್ಲಾನ್‌ವಿಲಿಯಂ ಎಂಬ ಸಣ್ಣ ಊರಿನಲ್ಲಿ ಪೀಟರ್ ನಾರ್ಟಿಯೆ ಎಂಬ ಡಾಕ್ಟರ್ ಇದ್ದರು. 1930ರ ನಂತರದ ವರ್ಷಗಳಲ್ಲಿ ಅವರು ಇದನ್ನು ಹಟ ಹಿಡಿದು ನೋಡಿದರು. ಬೀಜವನ್ನು ಬೀಸುವ ಕಲ್ಲಿನ ನಡುವೆ ಹಾಕಿ ಮೆಲ್ಲಗೆ ಉಜ್ಜಿ, ಸಿಪ್ಪೆಗೆ ಗೀರು ಬೀಳಿಸಿದರೆ ಮೊಳಕೆ ಬರುತ್ತದೆ ಎಂದು ಕಂಡುಕೊಂಡರು. ಬೆಂಕಿ ಮಾಡುವ ಕೆಲಸವನ್ನು ಕಲ್ಲು ಮಾಡಿತು.

ಮೊಳಕೆಯ ಉಪಾಯ ಸಿಕ್ಕಿತು, ಸರಿ. ಬೀಜ ಎಲ್ಲಿಂದ ತರೋದು? ಮರಳಿನಲ್ಲಿ ಬಿದ್ದ ಬೀಜ ಆರಿಸೋದು ಎಂದರೆ ರಾಗಿಯಲ್ಲಿ ಬಿದ್ದ ಸಾಸಿವೆ ಹೆಕ್ಕಿದ ಹಾಗೆ. ಬೀಜ ತಂದವರಿಗೆ ಹಣ ಕೊಡುತ್ತೇನೆ ಎಂದು ಡಾಕ್ಟರ್ ಬೆಟ್ಟದ ಜನಕ್ಕೆ ಹೇಳಿದರು. ಒಂದು ಬೆಂಕಿಪೊಟ್ಟಣದ ತುಂಬ ಬೀಜಕ್ಕೆ 5 ಪೌಂಡು ಕೊಡುತ್ತಿದ್ದರು ಎಂದು ಹೇಳುತ್ತಾರೆ. ಆ ಕಾಲಕ್ಕೆ ಅದು ಕೂಲಿಯವರ ಪಾಲಿಗೆ ದೊಡ್ಡ ಹಣ. ಎಲ್ಲರೂ ಬೆಟ್ಟ ಹುಡುಕಿದರು. ಸಿಕ್ಕಿದ್ದು ಚಿಟಿಕೆ ಚಿಟಿಕೆ.

ಒಬ್ಬ ಖೊಯ್ ಮುದುಕಿ ಮಾತ್ರ ಮತ್ತೆ ಮತ್ತೆ ಬಹಳ ಬೀಜ ತರುತ್ತಿದ್ದಳಂತೆ. ಉಳಿದವರಿಗೆ ಆಶ್ಚರ್ಯ. ಇವಳಿಗೆ ಎಲ್ಲಿ ಸಿಗುತ್ತದೆ? ಬಹಳ ದಿನ ಆಕೆ ಗುಟ್ಟು ಬಿಡಲಿಲ್ಲವಂತೆ. ಕೊನೆಗೆ ಗೊತ್ತಾಯಿತು. ಆಕೆ ಒಂದು ದಿನ ಇರುವೆಗಳು ಬೀಜ ಎಳೆದುಕೊಂಡು ಹೋಗೋದನ್ನು ನೋಡಿದ್ದಳು. ಸುಮ್ಮನೆ ಅವುಗಳ ಹಿಂದೆಯೇ ನಡೆದಳು. ಗೂಡಿನ ಬಾಯಿ ಬಗೆದು ನೋಡಿದರೆ ಒಳಗೆ ಕಣಜ!

ಇದು ಆ ಕಡೆ ಜನ ಹೇಳಿಕೊಂಡು ಬಂದ ಕತೆ. ಮಾತಿಗೆ ಮಾತು ಹೇಗೆ ನಡೆಯಿತೋ, ನಾವು ನೋಡಿಲ್ಲ. ಆದರೆ ಇರುವೆ ಬೀಜ ಹೊತ್ತೊಯ್ದು ಗೂಡಿನಲ್ಲಿಡುವುದು ನಿಜ. ನಮಗಂತೂ ಈ ಕತೆ ಓದಿದಾಗ ಆ ಮುದುಕಿ ಕಣ್ಣ ಮುಂದೆ ಬಂದ ಹಾಗಾಯಿತು. ಮೊಣಕಾಲೂರಿ ಕೂತಿದ್ದಾಳೆ. ಬಿಸಿಲು ನೆತ್ತಿ ಸುಡುತ್ತಿದೆ. ಕೈಯಲ್ಲಿ ಬೆಂಕಿಪೊಟ್ಟಣ. ಕಣ್ಣು ಇರುವೆ ಸಾಲಿನ ಮೇಲೆ. ನಾವು ಮನೆಯಲ್ಲಿ ಸಕ್ಕರೆ ಡಬ್ಬಿಗೆ ಇರುವೆ ಎಲ್ಲಿಂದ ಬಂತು ಅಂತ ಗೋಡೆಗುಂಟ ಹುಡುಕಿಕೊಂಡು ಹೋಗೋದಿಲ್ವಾ, ಹಾಗೇ. ಇದನ್ನು ಯಾವ ಶಾಲೆಯೂ ಆಕೆಗೆ ಕಲಿಸಿರಲಿಲ್ಲ.

ಆಮೇಲೆ ಏನಾಯಿತು? ಹೊಲಗಳು ಎದ್ದವು. ಸಹಕಾರ ಸಂಘ, ಕಾರ್ಖಾನೆ ಬಂದವು. ನಾರ್ಟಿಯೆ ಅವರಿಗೆ 1948ರಲ್ಲಿ ಅಲ್ಲಿನ ಒಂದು ವಿಶ್ವವಿದ್ಯಾಲಯ ಗೌರವ ಪದವಿ ಕೊಟ್ಟಿತು. ಹೊಲದಲ್ಲಿ ಬೆಳೆಯುವ ಒಂದು ತಳಿಗೆ ಅವರ ಹೆಸರನ್ನೇ ಇಟ್ಟರು. ಅವರು ದುಡಿದದ್ದು ನಿಜ, ಗೌರವ ಸಲ್ಲಬೇಕಾದದ್ದೇ. ಮುದುಕಿಯ ಹೆಸರು? ನಾವು ಓದಿದ ಕಡೆಯಲ್ಲೆಲ್ಲ ಹೆಚ್ಚಾಗಿ 'ಒಬ್ಬ ಖೊಯ್ ಮುದುಕಿ' ಎಂದಷ್ಟೇ ಇದೆ.

ಅಕ್ಕಂದಿರೇ, ಇಲ್ಲಿ ನಾವು ಓದೋದು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆವು.

ಆ 1948ನೇ ವರ್ಷವೇ ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಸರ್ಕಾರ ಬಂತು. ಬಿಳಿಯರಿಗೆ ಒಂದು ಕಾನೂನು, ಬಣ್ಣದವರಿಗೆ ಇನ್ನೊಂದು. ಶಾಲೆ ಬೇರೆ, ಬಸ್ಸು ಬೇರೆ, ವಾಸದ ಜಾಗವೂ ಬೇರೆ. 1994ರಲ್ಲಿ ಎಲ್ಲಾ ಜನಾಂಗದವರೂ ಮೊದಲ ಸಲ ಒಟ್ಟಿಗೆ ಓಟು ಹಾಕಿ ನೆಲ್ಸನ್ ಮಂಡೇಲಾ ಅಧ್ಯಕ್ಷರಾಗುವ ತನಕ ಹೀಗೇ ಇತ್ತು. ಕಾನೂನು ಹೋದರೂ ನೆಲ ತಾನಾಗಿ ವಾಪಸು ಬರುವುದಿಲ್ಲ. ಕೆಂಪು ಪೊದೆಯ ದೊಡ್ಡ ದೊಡ್ಡ ಹೊಲಗಳು ಇಂದಿಗೂ ಹೆಚ್ಚಾಗಿ ಬಿಳಿಯ ರೈತರ ಕೈಯಲ್ಲೇ ಇವೆ.

ಸಣ್ಣ ರೈತರೂ ಸುಮ್ಮನೆ ಕೂತಿಲ್ಲ. ಬೆಟ್ಟದ ಮೇಲಿನ ಬೊಕ್ಕೆವೆಲ್ಡ್ ಎಂಬ ಸೀಮೆಯಲ್ಲಿ ಕೆಲವರು ಸೇರಿ 2001ರ ಹೊತ್ತಿಗೆ ಹೈವೆಲ್ಡ್ ಎಂಬ ಸಹಕಾರ ಸಂಘ ಕಟ್ಟಿದರು. ನಮ್ಮ ಹಾಲಿನ ಸಂಘದ ಹಾಗೆ ಅಂದುಕೊಳ್ಳಿ. ಹೊಲದ ಸೊಪ್ಪಿನ ಜೊತೆ ಕಾಡಿನ ಸೊಪ್ಪನ್ನೂ ಕೊಯ್ದು ಒಟ್ಟಿಗೆ ಮಾರುತ್ತಾರೆ. ಕಾಡಿನ ಗಿಡಕ್ಕೆ ಬಿಡುವು ಕೊಟ್ಟು ಕೊಯ್ಯಬೇಕು. ಬುಡಕ್ಕೇ ಕೈ ಹಾಕಿದರೆ ಮುಂದಿನ ಸಲಕ್ಕೆ ಇರುವುದಿಲ್ಲ. ಮಣ್ಣಿನಡಿ ಬೊಡ್ಡೆ ಇರುವ ಆ ಕಾಡುಪೊದೆ ಬರಗಾಲವನ್ನೂ ಹೊಲದ ಗಿಡಕ್ಕಿಂತ ಚೆನ್ನಾಗಿ ತಡೆಯುತ್ತದೆ. ಹೊಲದ ಗಿಡ ಐದಾರು ವರ್ಷಕ್ಕೆ ಮುಗಿಯಿತು. ಕಾಡಿನದು ಎಷ್ಟೋ ಹೆಚ್ಚು ಕಾಲ ಬಾಳುತ್ತದೆ.

ಆದರೆ ಬೆಂಕಿ ಗಿಡವನ್ನಷ್ಟೇ ಸುಡುವುದಿಲ್ಲ. ಸೀಡರ್‌ಬರ್ಗ್ ಬೆಟ್ಟದ ಮಡಿಲಲ್ಲಿ ವುಪರ್‌ಟಾಲ್ ಎಂಬ ಹಳ್ಳಿ ಇದೆ. 1830ರಲ್ಲಿ ಕ್ರೈಸ್ತ ಪಾದ್ರಿಗಳು ಕಟ್ಟಿದ ಊರು. ಸುಣ್ಣ ಬಳಿದ ಬಿಳಿ ಗೋಡೆ, ಹುಲ್ಲಿನ ಸೂರು. ಚಪ್ಪಲಿ, ಬೂಟು ಹೊಲಿಯೋದು, ಕೆಂಪು ಪೊದೆ ಬೆಳೆಯೋದು ಅಲ್ಲಿಯವರ ಕಸುಬು. 2018ರ ಡಿಸೆಂಬರ್ 30ರಂದು ಕಾಡಿನ ಬೆಂಕಿ ಗಾಳಿಗೆ ಊರಿಗೇ ನುಗ್ಗಿತು. 50ಕ್ಕೂ ಹೆಚ್ಚು ಮನೆ ಸುಟ್ಟವು. ನಾಳೆ ನಾಡಿದ್ದು ಹೊಸ ವರ್ಷ ಅನ್ನುವಾಗ ಜನ ಉಟ್ಟ ಬಟ್ಟೆಯಲ್ಲಿ ಬೀದಿಗೆ ಬಂದರು. ಬೂದಿಯಿಂದ ಗಿಡ ಎದ್ದು ಬರುತ್ತದೆ ಅಂತ ಈಗ ತಾನೇ ಹೇಳಿದೆವು. ಮನೆ ಹಾಗೆ ಏಳುವುದಿಲ್ಲ. ಅದನ್ನು ಒಂದೊಂದೇ ಇಟ್ಟಿಗೆ ಇಟ್ಟು ಕಟ್ಟಬೇಕು.

ಇನ್ನು ಹೆಸರಿನ ಜಗಳ. 1994ರಲ್ಲಿ ಅಮೆರಿಕದ ಒಂದು ಕಂಪನಿ 'ರೂಯಿಬೊಸ್' ಎಂಬ ಹೆಸರನ್ನೇ ತನ್ನದು ಎಂದು ರಿಜಿಸ್ಟರ್ ಮಾಡಿಸಿಕೊಂಡಿತು! ಬೆಳೆದವರೇ ಆ ಹೆಸರು ಹಾಕಿ ಅಲ್ಲಿ ಮಾರಬೇಕಾದರೆ ಕಂಪನಿಯ ಅಪ್ಪಣೆ ಬೇಕು ಎಂಬ ಪರಿಸ್ಥಿತಿ. ಬಹಳ ವರ್ಷ ಜಗಳ ನಡೆದು, 2005ರಲ್ಲಿ ಕಂಪನಿ ಹೆಸರು ಬಿಟ್ಟುಕೊಟ್ಟಿತು. 2021ರಲ್ಲಿ ಯುರೋಪಿನ ದೇಶಗಳ ಒಕ್ಕೂಟವೂ ಈ ಹೆಸರನ್ನು ಆ ಸೀಮೆಗೇ ಮೀಸಲು ಎಂದು ದಾಖಲೆ ಮಾಡಿತು. ನಮ್ಮ ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆಗೆ ಇರುವ ಗುರುತಿನ ಹಾಗೆ.

ಹೆಸರು ಉಳಿಯಿತು. ಆದರೆ ಆ ಮುದುಕಿಯ ಜನಕ್ಕೆ ಏನು ಬಂತು?

2010ರಲ್ಲಿ ಸಾನ್ ಜನರ ಮುಖಂಡರು ಸರ್ಕಾರಕ್ಕೆ ಅರ್ಜಿ ಕೊಟ್ಟರು. ಈ ಗಿಡದ ತಿಳಿವಳಿಕೆ ನಮ್ಮ ಹಿರಿಯರದು. ಅದರಿಂದ ಬರುವ ಲಾಭದಲ್ಲಿ ನಮಗೂ ಪಾಲು ಬೇಕು ಎಂದರು. ಖೊಯ್ ಜನರೂ ಜೊತೆಗೆ ನಿಂತರು. ಮಾರುವವರು ಮೊದಲು ಒಪ್ಪಲಿಲ್ಲ. ನಿಮ್ಮದೇ ತಿಳಿವಳಿಕೆ ಅನ್ನೋದಕ್ಕೆ ಪುರಾವೆ ಎಲ್ಲಿದೆ ಎಂದು ಕೇಳಿದರು. ಓದುಬರಹ ಇಲ್ಲದ ಮುದುಕಿಯರು ಬಾಯಿಂದ ಬಾಯಿಗೆ ಹೇಳಿದ್ದಕ್ಕೆ ರಶೀದಿ ಎಲ್ಲಿಂದ ಬರಬೇಕು? ಸರ್ಕಾರವೇ ತಿಳಿದವರಿಂದ ಅಧ್ಯಯನ ಮಾಡಿಸಿತು. ಈ ಜನರ ಮಾತನ್ನು ತಳ್ಳಿಹಾಕಲು ಆಧಾರ ಇಲ್ಲ ಎಂದು 2014ರಲ್ಲಿ ವರದಿ ಬಂತು. ಮತ್ತೆ ಮಾತುಕತೆ, ಮತ್ತೆ ಸಭೆ. ಕೊನೆಗೆ 2019ರಲ್ಲಿ ಒಪ್ಪಂದ ಆಯಿತು. ಒಂಬತ್ತು ವರ್ಷ!

ಒಪ್ಪಂದ ಏನು? ರೈತನಿಂದ ಸೊಪ್ಪು ಕೊಳ್ಳುವ ದರದ ಮೇಲೆ ನೂರಕ್ಕೆ ಒಂದೂವರೆ ಪಾಲನ್ನು ಖೊಯ್ ಮತ್ತು ಸಾನ್ ಜನಕ್ಕೆ ಕೊಡಬೇಕು. ಲೆಕ್ಕದ ಪುಸ್ತಕ ತೆಗೆಯಿರಿ. 100 ರೂಪಾಯಿಗೆ ಒಂದೂವರೆ ರೂಪಾಯಿ. 1,000 ರೂಪಾಯಿಗೆ ಎಷ್ಟು? 15 ರೂಪಾಯಿ. ಸರಿ. 10,000ಕ್ಕೆ? ನೀವೇ ಹೇಳಿ. ಈ ಲೆಕ್ಕ ಹೊಲದ ದರದ ಮೇಲೆ. ಅಂಗಡಿಯಲ್ಲಿ ಚೀಲ ಕಟ್ಟಿ ಮಾರುವ ದರದ ಮೇಲಲ್ಲ. ನಮಗೇನೋ ಇದು ಕಡಿಮೆ ಎನಿಸುತ್ತದೆ. ಆದರೂ ಒಂದು ಇಡೀ ಬೆಳೆಯ ವ್ಯಾಪಾರದವರು ಮೂಲ ಜನಕ್ಕೆ ಪಾಲು ಕೊಡಲು ಒಪ್ಪಿದ್ದು ಸಣ್ಣ ಮಾತಲ್ಲ. 2022ರಲ್ಲಿ ಮೊದಲ ಹಣ ಬಂತು. 1 ಕೋಟಿ 22 ಲಕ್ಷ ರಾಂಡ್. ರಾಂಡ್ ಅಂದರೆ ಅಲ್ಲಿಯ ರೂಪಾಯಿ.

ಇದು ದೂರದ ದೇಶದ ಮಾತು, ನಮಗೇನು ಅನ್ನಬಹುದು. ನಮ್ಮ ಅರಿಶಿನಕ್ಕೂ ಹೀಗೇ ಆಗಿತ್ತು. ಗಾಯಕ್ಕೆ ಅರಿಶಿನ ಹಚ್ಚೋದು ನಿಮಗೆ ಯಾರು ಕಲಿಸಿದರು? ಅಮ್ಮ. ಅಮ್ಮನಿಗೆ? ಅವರಮ್ಮ. 1995ರಲ್ಲಿ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ಕೊಟ್ಟರು. ಪೇಟೆಂಟ್ ಅಂದರೆ 'ಇದನ್ನು ಕಂಡುಹಿಡಿದವರು ನಾವು, ಬೇರೆಯವರು ಇದರಿಂದ ವ್ಯಾಪಾರ ಮಾಡುವಂತಿಲ್ಲ' ಎಂಬ ಸರ್ಕಾರಿ ಪತ್ರ. ನಮ್ಮ ದೇಶದ ವಿಜ್ಞಾನಿಗಳ ಮಂಡಳಿ ಅದನ್ನು ಪ್ರಶ್ನೆ ಮಾಡಿತು. ಹಳೆಯ ಸಂಸ್ಕೃತ ಗ್ರಂಥ ತೋರಿಸಿತು. 1953ರ ಒಂದು ವೈದ್ಯರ ಪತ್ರಿಕೆ ತೋರಿಸಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ನೋಡಿ, ಬರೆದಿಟ್ಟಿದ್ದು ಇತ್ತು, ತೋರಿಸಿದರು, ಗೆದ್ದರು. ನಿಮ್ಮ ಅಮ್ಮಂದಿರನ್ನು ಸಾಕ್ಷಿಗೆ ಯಾರೂ ಕರೆಯಲಿಲ್ಲ.

2002ರಲ್ಲಿ ನಮ್ಮ ದೇಶದಲ್ಲೂ ಜೀವವೈವಿಧ್ಯ ಕಾಯಿದೆ ಬಂತು. ಅದರ ಪ್ರಕಾರ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಮರ, ತಳಿ, ಅದರ ಉಪಯೋಗ, ಅದನ್ನು ಬಲ್ಲವರು, ಇದೆಲ್ಲ ಬರೆದಿಡುವ ಒಂದು ಪುಸ್ತಕ ಇರಬೇಕು. ಜನತಾ ಜೀವವೈವಿಧ್ಯ ದಾಖಲಾತಿ ಎಂದು ಅದರ ಹೆಸರು.

ನಾವು ಒಂದು ಪಂಚಾಯಿತಿಗೆ ಹೋಗಿ ಆ ಪುಸ್ತಕ ತೋರಿಸಿ ಎಂದು ಕೇಳಿದೆವು. ಯಾವ ಊರು ಅಂತ ಬೇಡ. ಬೀರುವಿನ ಕೀಲಿ ಹುಡುಕಲು ಅರ್ಧ ಗಂಟೆ ಆಯಿತು. ಪುಸ್ತಕ ಇತ್ತು. ಧೂಳು ಕೊಡವಿ ಕೊಟ್ಟರು. ಅಚ್ಚುಕಟ್ಟಾಗಿ ಗೆರೆ ಹಾಕಿ ಮಾಡಿದ್ದರು. 'ಮಾಹಿತಿ ಕೊಟ್ಟವರು' ಅನ್ನುವ ಕಲಂನಲ್ಲಿ ಹಾಳೆ ಹಾಳೆಗೂ ಒಂದೇ ಮಾತು. 'ಸ್ಥಳೀಯರು'. ನಮಗೆ ಆ ಖೊಯ್ ಮುದುಕಿಯ ನೆನಪಾಯಿತು.

ಈ ಮಾತನ್ನು ಮೊನ್ನೆ ಬಾವಿಕಟ್ಟೆಯ ಹತ್ತಿರ ಹೇಳುತ್ತಿದ್ದಾಗ ನಿಮ್ಮಲ್ಲೇ ಒಬ್ಬರು ಕೇಳಿದಿರಿ. "ಬಾಣಂತಿ ನೀರಿಗೆ ಲಕ್ಕಿ ಸೊಪ್ಪು ಹಾಕ್ತೀವಲ್ಲ ಟೀಚರ್, ಅದನ್ನ ಬರೆದಿದ್ದಾರಾ ಅದರಲ್ಲಿ?" ಇಲ್ಲ, ಬರೆದಿರಲಿಲ್ಲ. ಹೊಲದ ಬದುವಿನ ಬೆರಕೆಸೊಪ್ಪು? ಎರಡು ಮೂರು ಹೆಸರು ಇತ್ತು, ಅಷ್ಟೇ. ನೀವು ಒಬ್ಬೊಬ್ಬರೇ ಇಪ್ಪತ್ತು ಹೆಸರು ಹೇಳ್ತೀರಿ.

ಹಾಗಾಗಿ ಒಂದು ಕೆಲಸ ಮಾಡೋಣ. ಮುಂದಿನ ಸೋಮವಾರ ಬರುವಾಗ ಒಬ್ಬೊಬ್ಬರೂ ನಿಮಗೆ ಗೊತ್ತಿರುವ ಒಂದು ಗಿಡದ ಕೊಂಬೆ ತನ್ನಿ. ಹಾಳೆಯಲ್ಲಿ ನಿಮ್ಮ ಕೈಯಿಂದಲೇ ಬರೆಯಿರಿ. ಗಿಡದ ಹೆಸರು, ಎಲ್ಲಿ ಬೆಳೆಯುತ್ತೆ, ಯಾವ ಕಾಲಕ್ಕೆ ಹೂ ಬಿಡುತ್ತೆ, ಏನಕ್ಕೆ ಬಳಸ್ತೀರಿ, ಯಾರಿಂದ ಕಲಿತಿರಿ. ಒತ್ತಕ್ಷರ ತಪ್ಪಿದರೆ ತಪ್ಪಲಿ. ನಾವು ತಿದ್ದುತ್ತೇವೆ. ಹಾಳೆಯ ಕೆಳಗೆ ನಿಮ್ಮ ಪೂರ್ತಿ ಹೆಸರು ಬರೆಯಿರಿ. ಹೆಬ್ಬೆಟ್ಟು ಬೇಡ, ಸಹಿ. ಯಾರಿಂದ ಕಲಿತಿರೋ ಅವರ ಹೆಸರೂ ಇರಲಿ. ತೀರಿಕೊಂಡಿದ್ದರೂ ಬರೆಯಿರಿ. ಹಾಳೆಗಳನ್ನೆಲ್ಲ ದಾರ ಹಾಕಿ ಹೊಲಿದು ನಾವೆಲ್ಲ ಒಟ್ಟಿಗೆ ಪಂಚಾಯಿತಿಗೆ ಹೋಗಿ ಕೊಡೋಣ. ತೆಗೆದುಕೊಂಡದ್ದಕ್ಕೆ ಹಿಂಬರಹ ಕೇಳೋಣ. ಒಂದು ಪ್ರತಿ ನಮ್ಮ ಕೇಂದ್ರದ ಪೆಟ್ಟಿಗೆಯಲ್ಲೂ ಇರಲಿ. ಬೀರುವಿನ ಕೀಲಿ ಮತ್ತೆ ಕಳೆದರೂ ಕಳೆಯಬಹುದು.

ಯಾರಾದರೂ ನಮ್ಮ ಮನೆತನದ ಗುಟ್ಟು, ಹೇಳೋದಿಲ್ಲ ಅಂದರೆ ಅದೂ ಸರಿ. ಒತ್ತಾಯ ಇಲ್ಲ. ಆ ಮುದುಕಿಯೂ ಬಹಳ ದಿನ ಹೇಳಿರಲಿಲ್ಲ.

ಡಬ್ಬಿಯಲ್ಲಿ ಇನ್ನೂ ಆರು ಚೀಲ ಉಳಿದಿದೆ. ಒಲೆಯ ಮೇಲೆ ನೀರು ಕಾಯುತ್ತಿದೆ. ಅಲ್ಲಿನವರು ಹಾಲು, ಸಕ್ಕರೆ ಹಾಕಿಯೂ ಕುಡಿಯುತ್ತಾರಂತೆ. ಈ ಸಲ ಬೆಲ್ಲ ತಂದಿದ್ದೇವೆ. ಅಜ್ಜಿ, ನಿಮ್ಮ ಲೋಟ ಮೊದಲು ಕೊಡಿ.